ಕಥೆ ಹೇಳುವ ಬಾರ್ ರಾಕ್ ಆಲ್ಬಂ: ಕೇಳುಗರ ಅಭಿಪ್ರಾಯ ಪಡೆಯುವುದು ಹೇಗೆ, ಓದುವುದು ಹೇಗೆ

ಬಾರ್‌ಗಳ ಚಿಕ್ಕ ವೇದಿಕೆಗೆ ಒಗ್ಗುವ ಗಿಟಾರ್ ಸಂಗೀತವೇ ಬಾರ್ ರಾಕ್. ಅದರಲ್ಲಿ ಕಥೆ ಹೇಳುವ ಆಲ್ಬಮ್ಮಿನ ಬಗ್ಗೆ ಯಾರಾದರೂ ಅಭಿಪ್ರಾಯ ಹೇಳಿದರೆ ಮೊದಲು ಕೇಳಬೇಕಾದ್ದು ಒಂದೇ ಮಾತು: ಎಷ್ಟನೇ ಸಲ ಕೇಳಿದ ಮೇಲೆ ಹೀಗೆ ಅನ್ನಿಸಿತು? ಬೇರೆ ಸಂಗೀತದಲ್ಲಿ ಈ ಪ್ರಶ್ನೆಗೆ ಇಷ್ಟು ತೂಕವಿಲ್ಲ. ಕುಣಿಸುವ ಹಾಡು ಹಿಡಿಸುವುದಿದ್ದರೆ ಮೊದಲ ಅರ್ಧ ನಿಮಿಷದಲ್ಲೇ ಹಿಡಿಸುತ್ತದೆ. ಇಲ್ಲಿ ಮೊದಲ ಸಲ ಕೇಳಿದವರು ಗಾಯಕನ ದನಿಯ ಬಗ್ಗೆ ಮಾತಾಡುತ್ತಾರೆ, ಎರಡನೇ ಸಲ ಸಾಲುಗಳ ಬಗ್ಗೆ. ಪಾತ್ರಗಳ ಮಾತು ಬರುವುದು ಮೂರು ನಾಲ್ಕು ಸಲ ಕೇಳಿದ ಮೇಲೆ. ಮೂರೂ ನಿಜವಾದ ಅಭಿಪ್ರಾಯಗಳೇ. ಆದರೆ ಮೂರನ್ನೂ ಒಂದೇ ರಾಶಿಗೆ ಸುರಿದರೆ ಯಾವುದರಿಂದಲೂ ಏನೂ ತಿಳಿಯುವುದಿಲ್ಲ.

ಈ ಬರಹ ಮುಖ್ಯವಾಗಿ ಎರಡು ಬಗೆಯವರಿಗೆ. ಬಿಡುಗಡೆಗೆ ಮುಂಚೆ ತಮ್ಮ ಆಲ್ಬಮ್ಮನ್ನು ಒಂದಷ್ಟು ಜನರಿಗೆ ಕೇಳಿಸಿ ನೋಡಬೇಕೆನ್ನುವ ಬ್ಯಾಂಡಿನವರು ಒಂದು ಕಡೆ. ಗೆಳೆಯರು ಕೂಡಿ ಒಂದು ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ಕೇಳಿ ಚರ್ಚಿಸುವವರು ಇನ್ನೊಂದು ಕಡೆ. ವಿಮರ್ಶೆ ಬರೆಯುವವರಿಗೂ ಅರ್ಧದಷ್ಟು ಉಪಯೋಗಕ್ಕೆ ಬಂದೀತು, ಒಬ್ಬರೇ ಕೂತು ಮೂರು ಸಲ ಕೇಳುವ ತಾಳ್ಮೆ ಇದ್ದರೆ.

ಯಾವ ಆಲ್ಬಂ ಈ ಗುಂಪಿನದು

ಎರಡು ಗಿಟಾರ್, ಬೇಸ್, ಡ್ರಮ್ಸ್, ಜೊತೆಗೆ ಪಿಯಾನೊ ಅಥವಾ ಆರ್ಗನ್. ಚಿಕ್ಕ ವೇದಿಕೆಯಲ್ಲಿ, ಗ್ಲಾಸುಗಳ ಸದ್ದಿನ ನಡುವೆ ನುಡಿಸಿದರೂ ನಿಲ್ಲುವಂಥ ದಪ್ಪ ರಿಫ್‌ಗಳು, ಅಂದರೆ ಮರುಕಳಿಸುವ ಗಿಟಾರ್ ತುಣುಕುಗಳು. ಅದರ ಮೇಲೆ ಅರ್ಧ ಮಾತು, ಅರ್ಧ ಹಾಡು ಎನ್ನುವಂಥ ದನಿ. ಒಂದು ಹಾಡಿನಲ್ಲಿ ಬಂದ ಮನುಷ್ಯ ಇನ್ನೊಂದರಲ್ಲಿ ಮತ್ತೆ ಬರುತ್ತಾನೆ, ಊರುಗಳ ಹೆಸರು ಮರುಕಳಿಸುತ್ತವೆ, ಘಟನೆಗಳು ಕಾಲಕ್ರಮದಲ್ಲಿ ಇರುವುದಿಲ್ಲ.

ಉದಾಹರಣೆಗೆ ದಿ ಹೋಲ್ಡ್ ಸ್ಟೆಡಿ ಬ್ಯಾಂಡಿನ 2005ರ 'ಸೆಪರೇಷನ್ ಸಂಡೇ'. ಬ್ಯಾಂಡ್ ಕಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಆದರೆ ಗಾಯಕ ಕ್ರೇಗ್ ಫಿನ್ ಮತ್ತು ಗಿಟಾರಿಸ್ಟ್ ಟ್ಯಾಡ್ ಕೂಬ್ಲರ್ ಇಬ್ಬರೂ ಅದಕ್ಕೆ ಮುಂಚೆ ಮಿನ್ಯಾಪೊಲಿಸ್‌ನ ಲಿಫ್ಟರ್ ಪುಲ್ಲರ್ ಬ್ಯಾಂಡಿನಲ್ಲಿದ್ದವರು, ಹಾಗಾಗಿ ಕಥೆ ಹೆಚ್ಚಾಗಿ ಮಿನ್ಯಾಪೊಲಿಸ್ ಸುತ್ತಲೇ ಓಡಾಡುತ್ತದೆ. 11 ಹಾಡು, ಸುಮಾರು 42 ನಿಮಿಷ. ಹಾಲಿ ಎಂದು ಎಲ್ಲರೂ ಕರೆಯುವ ಹಲ್ಲೆಲೂಯಾ, ಶಾರ್ಲಮೇನ್, ಗಿಡಿಯನ್ ಎಂಬ ಮೂವರು, ಮತ್ತು ಅವರ ಕಥೆಯನ್ನು ಹೇಳುವ ನಿರೂಪಕ. ಮಾದಕವಸ್ತು, ಪಾರ್ಟಿ, ಕ್ಯಾಥೊಲಿಕ್ ನಂಬಿಕೆ ಒಂದಕ್ಕೊಂದು ತೆಕ್ಕೆ ಹಾಕಿಕೊಂಡಿವೆ. ಕೇಳುಗರ ಕೂಟ ಮೊದಲ ಬಾರಿಗೆ ನಡೆಸುವವರಿಗೆ ಇದು ಒಳ್ಳೆಯ ಆಯ್ಕೆ: ಒಂದೇ ಕೂಡಿಕೆಗೆ ಸರಿಹೋಗುವ ಉದ್ದ, ಎಣಿಸಬಹುದಾದಷ್ಟು ಪಾತ್ರಗಳು.

ಅದೇ ಮಿನ್ಯಾಪೊಲಿಸ್ ಪ್ರದೇಶದ ಹಸ್ಕರ್ ಡೂ 1984ರಲ್ಲಿ ತಂದ 'ಜೆನ್ ಆರ್ಕೇಡ್', ಡ್ರೈವ್-ಬೈ ಟ್ರಕರ್ಸ್‌ನ 2001ರ 'ಸದರ್ನ್ ರಾಕ್ ಆಪೆರಾ' ಎರಡೂ ಜೋಡಿ ಆಲ್ಬಮ್‌ಗಳು, ಒಂದು ಗಂಟೆಗೂ ಮೀರಿದವು. ಮೊದಲನೆಯದು ಬಾರ್ ರಾಕ್ ಅಲ್ಲವೇ ಅಲ್ಲ, ಹಾರ್ಡ್‌ಕೋರ್, ಅಂದರೆ ಪಂಕ್ ರಾಕ್‌ನ ವೇಗದ, ಒರಟು ಬಗೆ. ಆದರೆ ಕಥೆ ಹೇಳುವ ಉದ್ದನೆಯ ಆಲ್ಬಮ್ಮನ್ನು ಕೇಳಿಸುವ ತೊಡಕು ಅಲ್ಲೂ ಇದೇ. ಇಂಥವನ್ನು ಎರಡು ದಿನಕ್ಕೆ ಹಂಚಿ. ಸುಮಾರು 50 ನಿಮಿಷ ದಾಟಿದ ಮೇಲೆ ಜನ ಬರೆಯುವುದೆಲ್ಲ ತಮ್ಮ ದಣಿವಿನ ಬಗ್ಗೆಯೇ ಆಗಿರುತ್ತದೆ, ಅವರಿಗೇ ಅದು ಗೊತ್ತಿರುವುದಿಲ್ಲ.

ಕೇಳಿಸುವ ಮುಂಚಿನ ಕೆಲಸ

ಆರರಿಂದ ಎಂಟು ಜನ ಸಾಕು. ನಾಲ್ಕಕ್ಕಿಂತ ಕಡಿಮೆಯಾದರೆ ಒಬ್ಬರ ರುಚಿಯೇ ಇಡೀ ಗುಂಪಿನ ಮಾತಾಗುತ್ತದೆ; ಹತ್ತು ದಾಟಿದರೆ ಕೋಣೆಯ ಅಂಚಿನಲ್ಲಿ ಕೂತವರಿಗೆ ಸಂಗೀತ ಸರಿಯಾಗಿ ತಲುಪುವುದಿಲ್ಲ. ಇವರಲ್ಲಿ ಈ ಬಗೆಯ ಸಂಗೀತವನ್ನು ಮೊದಲೇ ಕೇಳಿ ಬಲ್ಲವರು ಅರ್ಧಕ್ಕಿಂತ ಹೆಚ್ಚಿರಬಾರದು. ಯಾರು ಬಲ್ಲವರು, ಯಾರು ಹೊಸಬರು ಎಂದು ಅವರವರ ಹಾಳೆಯ ಮೂಲೆಯಲ್ಲಿ ಗುರುತಿಡಿ. ಹಾಡಿನ ಭಾಷೆ ಯಾರ ಮನೆಮಾತಲ್ಲವೋ ಅವರಿಗೂ ಒಂದು ಗುರುತು. ಪದ ಕೇಳಿಸಲಿಲ್ಲ ಎನ್ನುವ ದೂರನ್ನು ಮುಂದೆ ತೂಗುವಾಗ ಇವೆರಡು ಗುರುತುಗಳೇ ಆಧಾರ.

ಸ್ಪೀಕರ್ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಎರಡು ಗಿಟಾರಿನ ಬ್ಯಾಂಡುಗಳ ಮಿಕ್ಸ್‌ನಲ್ಲಿ (ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದ ರೂಪದಲ್ಲಿ) ಒಂದು ಗಿಟಾರನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸರಿಸಿ ನಡುವೆ ದನಿಯನ್ನು ಕೂರಿಸುವುದು ರೂಢಿ. ಎರಡು ಸ್ಪೀಕರುಗಳ ನಡುವಿನ ದೂರದಷ್ಟೇ ಹಿಂದೆ, ಸರಿ ಮಧ್ಯದಲ್ಲಿ ಕೂತವರಿಗೆ ಮಾತ್ರ ಈ ಜೋಡಣೆ ಇದ್ದ ಹಾಗೆ ಕೇಳಿಸುತ್ತದೆ. ಬಲ ತುದಿಯಲ್ಲಿ ಕೂತವರಿಗೆ ಬಲಗಡೆಯ ಗಿಟಾರ್ ದನಿಯನ್ನೇ ನುಂಗುತ್ತದೆ. ಆಗ ಅವರು ಗಾಯಕ ಅಸ್ಪಷ್ಟ ಎಂದು ಬರೆದರೆ ತಪ್ಪು ಗಾಯಕನದಲ್ಲ, ಕುರ್ಚಿಯದು. ಎರಡು ಸಾಲಾಗಿ, ಮಧ್ಯಕ್ಕೆ ಒತ್ತಿ ಕೂರಿಸಿ. ಯಾರು ಎಲ್ಲಿ ಕೂತರೆಂದು ಬರೆದಿಟ್ಟುಕೊಂಡು ಎರಡನೇ ಸಲ ಜಾಗ ಬದಲಿಸಿ. ಟ್ವೀಟರ್ (ಸ್ಪೀಕರಿನಲ್ಲಿ ತಾರ ಸ್ವರಗಳನ್ನು ನುಡಿಸುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕಿರಲಿ. ಮೊಬೈಲಿನ ಸ್ಪೀಕರ್, ಒಂದೇ ಡಬ್ಬಿಯ ಚಿಕ್ಕ ಬ್ಲೂಟೂತ್ ಸ್ಪೀಕರ್ ಈ ಕೆಲಸಕ್ಕೆ ಬೇಡ. ಬೇಸ್ ಮತ್ತು ಕಿಕ್ ಡ್ರಮ್ ಇಲ್ಲದೆ ಈ ಸಂಗೀತದಲ್ಲಿ ಉಳಿಯುವುದು ಒಬ್ಬ ಮನುಷ್ಯ ಕೂಗಿ ಮಾತಾಡುತ್ತಿರುವುದಷ್ಟೇ.

ಕೂರುವ ಜಾಗದಲ್ಲಿ ಸರಾಸರಿ 75ರಿಂದ 80 ಡೆಸಿಬೆಲ್ ಇರಲಿ. ಮೊಬೈಲಿನ ಅಳತೆ ಆ್ಯಪ್ ಒಂದೆರಡು ಡೆಸಿಬೆಲ್ ತಪ್ಪು ತೋರಿಸಿದರೂ ಚಿಂತೆಯಿಲ್ಲ. ಕೋಣೆಯಲ್ಲಿ ಕೇಳಿಸುವ ಎರಡೂ ಸಲ ಅದೇ ಆ್ಯಪ್, ಅದೇ ಅಂಕಿ ಇರುವುದು ಮುಖ್ಯ. ಸದ್ದು ಒಂದು ಡೆಸಿಬೆಲ್ ಏರಿದರೂ ಕೇಳುಗರು ಅದನ್ನು ಜೋರು ಎಂದು ಗುರುತಿಸದೆ ಚೆನ್ನಾಗಿದೆ ಎಂದು ಬರೆದುಬಿಡುತ್ತಾರೆ. ಎರಡು ಮಿಕ್ಸ್‌ಗಳನ್ನು ಹೋಲಿಸುವಾಗಲಂತೂ ಅರ್ಧ ಡೆಸಿಬೆಲ್ಲಿನ ಒಳಗೆ ಸರಿಸಮ ಮಾಡಿಕೊಳ್ಳದಿದ್ದರೆ ಜೋರಾಗಿರುವುದೇ ಗೆಲ್ಲುತ್ತದೆ.

ಸ್ಟ್ರೀಮಿಂಗ್ ಸೇವೆಯಿಂದ ಕೇಳಿಸುವುದಾದರೆ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು) ಸೊನ್ನೆಗೆ ಇಳಿಸಿ, ಹಾಡುಗಳ ಕ್ರಮ ಕಲಸುವ ಶಫಲ್ ನಿಲ್ಲಿಸಿ, ಆಲ್ಬಂ ಮುಗಿದ ಮೇಲೆ ತಾನಾಗಿ ಬೇರೆ ಹಾಡು ಶುರುವಾಗುವುದನ್ನೂ ನಿಲ್ಲಿಸಿ. ಇನ್ನೊಂದು ಸಂಗತಿ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಇಂಥ ಸೇವೆಗಳು ಎಲ್ಲ ಹಾಡುಗಳ ಜೋರನ್ನೂ ಒಂದು ಮಟ್ಟಕ್ಕೆ ತರುತ್ತವೆ; ಸ್ಪಾಟಿಫೈನಲ್ಲಿ ಸಾಮಾನ್ಯ ಗುರಿ −14 ಎಲ್‌ಯುಎಫ್‌ಎಸ್ (ಕಿವಿಗೆ ಅನ್ನಿಸುವ ಜೋರನ್ನು ಅಳೆಯುವ ಮಾನ). ಆಲ್ಬಮ್ಮನ್ನು ಆಲ್ಬಮ್ಮಾಗಿಯೇ ಕ್ರಮವಾಗಿ ನುಡಿಸಿದರೆ ಇಡೀ ಆಲ್ಬಮ್ಮಿಗೆ ಒಂದೇ ಹೊಂದಾಣಿಕೆ. ಅದೇ ಹಾಡುಗಳನ್ನು ಪ್ಲೇಲಿಸ್ಟಿಗೆ ಹಾಕಿದರೆ ಒಂದೊಂದಕ್ಕೂ ಬೇರೆ ಬೇರೆ ಹೊಂದಾಣಿಕೆ ಆಗುತ್ತದೆ. ಆಗ ತಗ್ಗಿದ ದನಿಯಲ್ಲಿ ಪಿಯಾನೊ ಜೊತೆ ಬರಬೇಕಾದ ಹಾಡು ಪಕ್ಕದ ಅಬ್ಬರದ ಹಾಡಿನಷ್ಟೇ ಜೋರಾಗುತ್ತದೆ. ಕಥೆ ಉಸಿರು ತೆಗೆದುಕೊಳ್ಳುವ ಜಾಗವೇ ಮಾಯ. ಹಾಗಾಗಿ ಪ್ಲೇಲಿಸ್ಟ್ ಬೇಡ. ಎಲ್‌ಪಿ, ಅಂದರೆ ವಿನೈಲ್ ತಟ್ಟೆ, ಇದ್ದರೆ ಇನ್ನೂ ಒಳ್ಳೆಯದು: ಒಂದು ಬದಿಗೆ ಸುಮಾರು 20 ನಿಮಿಷ ಹಿಡಿಯುವುದರಿಂದ ಬದಿ ತಿರುಗಿಸುವ ಹೊತ್ತು ತಾನಾಗಿಯೇ ವಿರಾಮವಾಗುತ್ತದೆ.

ಮೊದಲ ಸಲ: ಸಾಹಿತ್ಯದ ಹಾಳೆ ಇಲ್ಲದೆ

ಕಥೆಯ ಸುಳಿವು ಕೊಡಬೇಡಿ. ಪಾತ್ರಗಳ ಹೆಸರನ್ನೂ ಹೇಳಬೇಡಿ. ಆಲ್ಬಮ್ಮಿನ ಹೆಸರು ಮತ್ತು ಉದ್ದ, ಇಷ್ಟು ಸಾಕು.

ಹಾಡು ನಡೆಯುವಾಗ ವಾಕ್ಯ ಬರೆಯಲು ಹೇಳಿದರೆ ಜನ ಕೇಳುವುದನ್ನು ನಿಲ್ಲಿಸುತ್ತಾರೆ. ಬರೆಯಲೆಂದು ಹಾಡುಗಳ ನಡುವೆ ನಿಲ್ಲಿಸಿದರೆ ಜೋಡಣೆ ಮುರಿಯುತ್ತದೆ. ಆದ್ದರಿಂದ ಹಾಡುಗಳ ಸಂಖ್ಯೆ ಮಾತ್ರ ಅಚ್ಚಾದ ಹಾಳೆ ಕೊಟ್ಟು ಮೂರು ಗುರುತುಗಳನ್ನು ಹೇಳಿಕೊಡಿ: ಗಮನ ಸೆಳೆದ ಕಡೆ ಅಡ್ಡಗೆರೆ, ಮನಸ್ಸು ಬೇರೆಲ್ಲೋ ಹೋದದ್ದು ಅರಿವಾದ ಕ್ಷಣ ಸೊನ್ನೆ, ಪದ ಹಿಡಿಯಲಾಗದ ಕಡೆ ಪ್ರಶ್ನೆ ಚಿಹ್ನೆ. ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಡಿನ ನಿಮಿಷ ತೋರಿಸಿದರೆ ಗುರುತಿನ ಪಕ್ಕ ಅದನ್ನೂ ಬರೆಯಬಹುದು. ಅತಿ ಉತ್ಸಾಹದವರು ಇಪ್ಪತ್ತು ಗುರುತು ಹಾಕುತ್ತಾರೆ. ಒಂದು ಹಾಡಿಗೆ ಮೂರಕ್ಕಿಂತ ಹೆಚ್ಚು ಬೇಡ ಎಂದು ಮೊದಲೇ ಹೇಳಿಬಿಡಿ.

ಮುಗಿದ ತಕ್ಷಣ ಹತ್ತು ನಿಮಿಷ ಮೌನ, ಬರವಣಿಗೆ. ಈ ಹತ್ತು ನಿಮಿಷದಲ್ಲಿ ಒಬ್ಬರು "ಅಬ್ಬಾ!" ಎಂದರೂ ಉಳಿದವರ ಹಾಳೆ ಕೆಡುತ್ತದೆ. ನಾಲ್ಕು ಪ್ರಶ್ನೆ ಸಾಕು. ಈ ಕಥೆಯನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ಕಿವಿಯಲ್ಲಿ ಉಳಿದ ಒಂದು ಸಾಲು ಯಾವುದು, ಕೇಳಿಸಿದ ಹಾಗೇ ಬರೆಯಿರಿ. ಯಾವ ಯಾವ ಹೆಸರುಗಳು ಕೇಳಿಸಿದವು? ಇದನ್ನು ಮತ್ತೊಮ್ಮೆ ಕೇಳುವುದಾದರೆ ಯಾವ ಹಾಡನ್ನು ದಾಟಿಸುತ್ತೀರಿ?

ಕೊನೆಯ ಪ್ರಶ್ನೆ ಬೇಕೇ ಬೇಕು. ಹಿಡಿಸಿತೇ ಎಂದು ಕೇಳಿದರೆ ಬರುವ ಉತ್ತರ "ಚೆನ್ನಾಗಿದೆ". ಸಂಕೋಚದ ಈ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ. ಯಾವುದನ್ನು ದಾಟಿಸುತ್ತೀರಿ ಎಂದಾಗ ಸಂಕೋಚವಿರುವವರೂ ಒಂದು ಸಂಖ್ಯೆ ಬರೆದೇ ಬರೆಯುತ್ತಾರೆ. ತಪ್ಪಾಗಿ ಕೇಳಿಸಿದ ಸಾಲುಗಳನ್ನು ತಿದ್ದಬೇಡಿ, ನಗಬೇಡಿ. ಯಾವ ವ್ಯಂಜನ ಗಿಟಾರಿನ ಅಡಿಗೆ ಹೋಗಿದೆ ಎನ್ನುವುದಕ್ಕೆ ಅದಕ್ಕಿಂತ ನೇರವಾದ ಪುರಾವೆ ಇನ್ನೊಂದಿಲ್ಲ.

ಎರಡನೇ ಸಲ: ಹಾಳೆಯೊಂದಿಗೆ

ಎರಡು ಮೂರು ದಿನ ಬಿಟ್ಟು ಕೂಡಿ. ಅದೇ ದಿನ ಮತ್ತೆ ಕೇಳಿಸಿದರೆ ಮೊದಲ ಅಭಿಪ್ರಾಯವನ್ನೇ ಗಟ್ಟಿಮಾಡಿಕೊಳ್ಳಲು ಜನ ಕೇಳುತ್ತಾರೆ.

ಸಾಹಿತ್ಯದ ಹಾಳೆ ಮಾಡುವ ಬಗೆಯಲ್ಲೇ ಅರ್ಧ ಕೆಲಸವಿದೆ. ಈ ಆಲ್ಬಮ್‌ಗಳ ಒಂದು ಚರಣದಲ್ಲೇ ಬೇರೆ ರಾಕ್ ಹಾಡೊಂದರ ಪೂರ್ತಿ ಸಾಹಿತ್ಯದಷ್ಟು ಪದಗಳಿರಬಹುದು. ಕಣ್ಣು ಕಿವಿಗಿಂತ ಬೇಗ ಓಡುತ್ತದೆ. ಇಡೀ ಪುಸ್ತಿಕೆ ಕೈಗೆ ಕೊಟ್ಟರೆ ಜನ ಮುಂದಕ್ಕೆ ಓದಿಬಿಟ್ಟು, ಗೊತ್ತಿರುವ ಹಾಸ್ಯದ ಸಾಲು ಬರುವುದನ್ನು ಕಾಯುತ್ತಾ ಕೂರುತ್ತಾರೆ. ಒಂದು ಹಾಡಿಗೆ ಒಂದು ಹಾಳೆ, ದೊಡ್ಡ ಅಕ್ಷರ, ಹಿಂದಿನ ಹಾಡು ಮುಗಿದ ಮೇಲಷ್ಟೇ ಮುಂದಿನದು. ಗಾಯಕ ಎಲ್ಲಿ ಉಸಿರು ತೆಗೆಯುತ್ತಾನೋ ಅಲ್ಲಿ ಸಾಲು ಮುರಿಯಿರಿ, ವಾಕ್ಯ ಮುಗಿಯುವಲ್ಲಿ ಅಲ್ಲ. ಹಾಗಿದ್ದರೆ ಕಣ್ಣು ದನಿಯ ಜೊತೆ ಹೆಜ್ಜೆ ಹಾಕುತ್ತದೆ. ಪಲ್ಲವಿ ಮತ್ತೆ ಬಂದಾಗ 'ಪಲ್ಲವಿ' ಎಂದಷ್ಟೇ ಬರೆದು ಬಿಡಬೇಡಿ, ಪೂರ್ತಿ ಕೊಡಿ. ಎರಡನೇ ಸಲ ಬರುವಾಗ ಒಂದು ಪದ ಬದಲಾಗಿರುವುದು ಇಂಥ ಹಾಡುಗಳಲ್ಲಿ ಮಾಮೂಲು, ಕಥೆ ಹೊರಳುವುದೂ ಎಷ್ಟೋ ಸಲ ಅಲ್ಲೇ.

ಈ ಸಲ ಹಾಡು ನಡೆಯುವಾಗ ಒಂದೇ ಕೆಲಸ: ಮೊದಲ ಸಲ ಕೇಳಿಸದೆ ಈಗ ಕೇಳಿಸಿದ ಸಾಲಿನ ಅಡಿಗೆ ಗೆರೆ ಎಳೆಯುವುದು. ಹಾಳೆಗಳನ್ನು ವಾಪಸು ಪಡೆಯಿರಿ, ಮನೆಗೆ ಕೊಂಡೊಯ್ಯಲು ಬಿಡಬೇಡಿ.

ಮೂರನೇ ಸಲ: ಒಬ್ಬೊಬ್ಬರೇ

ಕನಿಷ್ಠ ಒಂದು ವಾರ ಕಳೆಯಲಿ. ಹೆಡ್‌ಫೋನಿನಲ್ಲಿ, ನಡೆಯುತ್ತಲೋ ಕೆಲಸ ಮಾಡುತ್ತಲೋ, ಅವರವರ ಪಾಡಿಗೆ ಕೇಳಲಿ. ಕೇಳಿದ ಮರುದಿನ ಐದು ವಾಕ್ಯದಲ್ಲಿ ಕಥೆ ಬರೆದು ಕಳಿಸಲು ಹೇಳಿ. ಅಭಿಪ್ರಾಯ ಬೇಡ, ಕಥೆ ಮಾತ್ರ.

ಈ ಐದು ವಾಕ್ಯಗಳಲ್ಲೇ ಎಲ್ಲಕ್ಕಿಂತ ಹೆಚ್ಚು ಸಿಗುತ್ತದೆ. ಯಾರನ್ನು ಮುಖ್ಯ ಪಾತ್ರ ಎಂದುಕೊಂಡಿದ್ದಾರೆ, ನಿರೂಪಕನನ್ನು ನಂಬಿದ್ದಾರೆಯೇ, ಕೊನೆಗೆ ಏನಾಯಿತು ಎಂದುಕೊಂಡಿದ್ದಾರೆ, ಎಲ್ಲವೂ ತಾನಾಗಿ ಹೊರಬೀಳುತ್ತದೆ. 'ಸೆಪರೇಷನ್ ಸಂಡೇ'ಯ ಕೊನೆಯಲ್ಲಿ ಹಾಲಿ ಈಸ್ಟರ್ ಪೂಜೆಯ ನಡುವೆ ಚರ್ಚಿಗೆ ನುಗ್ಗಿ ಬರುತ್ತಾಳೆ. ಅವಳು ನಿಜವಾಗಿ ಸತ್ತು ಎದ್ದಳೇ, ಬದುಕಿನ ತಳಮುಟ್ಟಿ ಮರಳಿದ್ದನ್ನೇ ಪುನರುತ್ಥಾನ ಎನ್ನುತ್ತಿದ್ದಾರೆಯೇ ಎಂಬಲ್ಲಿ ಕೇಳುಗರು ಎರಡು ಪಂಗಡವಾಗುವುದು ಸಹಜ. ಇಂಥ ಭಿನ್ನಾಭಿಪ್ರಾಯ ಆಲ್ಬಮ್ಮಿನ ದೋಷವಲ್ಲ. ಬರುವವಳು ಹಾಲಿ ಎಂಬುದರಲ್ಲೇ ಗೊಂದಲವಿದ್ದರೆ ಅದು ದೋಷ.

ಬ್ಯಾಂಡಿನವರಿಗೆ ಇನ್ನೊಂದು ಪರೀಕ್ಷೆ. ಹಾಡುಗಳ ಹೆಸರನ್ನು ಚೀಟಿಗಳಲ್ಲಿ ಬರೆದು, ಘಟನೆಗಳು ನಡೆದ ಕ್ರಮದಲ್ಲಿ ಜೋಡಿಸಲು ಹೇಳಿ. ಆಲ್ಬಮ್ಮಿನ ಕ್ರಮ ಮತ್ತು ಘಟನೆಗಳ ಕ್ರಮ ಒಂದೇ ಇರಬೇಕಾಗಿಲ್ಲ. ಎಂಟೂ ಜನ ಒಂದೇ ರೀತಿ ಜೋಡಿಸಿದರೆ ಕಥೆ ತುಸು ಹೆಚ್ಚೇ ಸರಳವಾಯಿತೇನೋ. ನಡುವೆ ಏರುಪೇರಾಗಿ ಶುರು ಮತ್ತು ಕೊನೆ ಕೂಡಿಬಂದರೆ ಸರಿಯಾಗಿದೆ. ಶುರು ಯಾವುದು ಎಂಬುದರಲ್ಲೇ ಇಬ್ಬರ ಮಾತೂ ಹೊಂದದಿದ್ದರೆ ಎಲ್ಲೋ ಒಂದು ಸಾಲು, ಒಂದು ಹೆಸರು ಕಾಣೆಯಾಗಿದೆ.

ದೂರುಗಳನ್ನು ಓದುವ ಬಗೆ

"ಹಾಡೋದೇ ಇಲ್ಲ, ಬರೀ ಮಾತಾಡ್ತಾನೆ."

ಮೊದಲ ಸಲದ ಹಾಳೆಗಳಲ್ಲಿ ಇದು ಬಂದೇ ಬರುತ್ತದೆ, ಬರದಿದ್ದರೆ ಯಾರೋ ಸಂಕೋಚಪಟ್ಟಿದ್ದಾರೆ ಎಂದೇ ಅರ್ಥ. ಕಾರಣ ಸರಳ. ದನಿ ನಾಲ್ಕೈದು ಸ್ವರಗಳ ಒಳಗೇ ಸುಳಿದಾಡುತ್ತದೆ, ಸಾಲು ತಾಳದ ಪೆಟ್ಟಿನ ಮೇಲೆ ಬೀಳದೆ ತುಸು ಮುಂಚೆಯೋ ತಡವಾಗಿಯೋ ಬೀಳುತ್ತದೆ, ಪ್ರಾಸ ಬರಬೇಕಾದ ಕಡೆ ಬರುವುದಿಲ್ಲ. ಕಿವಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಎರಡನೇ ಸಲದ ಹಾಳೆಯಲ್ಲಿ ಈ ದೂರು ಇಳಿದಿದ್ದರೆ ಏನೂ ಮಾಡಬೇಡಿ. ಇಳಿಯದಿದ್ದರೆ, ಅದರಲ್ಲೂ ಈ ಬಗೆಯ ಸಂಗೀತ ಬಲ್ಲವರ ಹಾಳೆಯಲ್ಲೂ ಉಳಿದಿದ್ದರೆ, ಎಷ್ಟನೇ ಹಾಡಿನಲ್ಲಿ ಮೊದಲ ಬಾರಿ ಜೊತೆಗೆ ಹಾಡಬಹುದಾದ ಪಲ್ಲವಿ ಬರುತ್ತದೆ ನೋಡಿ. ಮೂರನೇ ಹಾಡಿನ ಒಳಗೆ ಒಂದಾದರೂ ಬೇಕು. ಅದು ಪದಗಳೇ ಇಲ್ಲದ "ಓ... ಓ..." ಆದರೂ ಆದೀತು, ಬ್ಯಾಂಡಿನ ಉಳಿದವರು ಒಟ್ಟಿಗೆ ಕೂಗಿದರೆ ಸಾಕು. ದಿ ಹೋಲ್ಡ್ ಸ್ಟೆಡಿಯ ಮುಂದಿನ ಆಲ್ಬಂ, 2006ರ 'ಬಾಯ್ಸ್ ಆ್ಯಂಡ್ ಗರ್ಲ್ಸ್ ಇನ್ ಅಮೆರಿಕ'ದಲ್ಲಿ ಫಿನ್ ಹಾಡುವುದು ಹೆಚ್ಚು, ಪಲ್ಲವಿಗಳೂ ದೊಡ್ಡವು. ಈ ದನಿಗೆ ಹೊಸಬರಾದವರಿಗೆ ಮೊದಲು ಅದನ್ನು ಕೇಳಿಸಿ ಆಮೇಲೆ 2005ರದಕ್ಕೆ ಬಂದರೆ ಅರ್ಧ ಜಗಳ ತಪ್ಪುತ್ತದೆ.

"ಎಲ್ಲಾ ಹಾಡೂ ಒಂದೇ ಥರ ಇದೆ."

ಇದಕ್ಕೆ ಎರಡು ಮೂಲಗಳಿರಬಹುದು, ಬೇರ್ಪಡಿಸುವುದು ಸುಲಭ. ದನಿಯಿಲ್ಲದ ಹದಿನೈದು ಸೆಕೆಂಡಿನ ತುಣುಕುಗಳನ್ನು ನಾಲ್ಕೈದು ಹಾಡುಗಳಿಂದ ಎತ್ತಿ ಕೇಳಿಸಿ, ಯಾವುದು ಯಾವ ಹಾಡು ಎಂದು ಕೇಳಿ. ಗುರುತಿಸಿದರೆ ಸಂಗೀತದಲ್ಲಿ ವೈವಿಧ್ಯ ಇದೆ, ದನಿ ಅದನ್ನು ಮುಚ್ಚುತ್ತಿದೆ. ಗುರುತಿಸದಿದ್ದರೆ ಪ್ರತಿ ಹಾಡಿನ ಬಿಪಿಎಂ (ನಿಮಿಷಕ್ಕೆ ಬೀಳುವ ತಾಳದ ಪೆಟ್ಟುಗಳು), ಶ್ರುತಿ, ದನಿ ಶುರುವಾಗುವ ಮುಂಚಿನ ಉದ್ದ ಇಷ್ಟನ್ನೂ ಒಂದು ಕಾಗದದಲ್ಲಿ ಪಟ್ಟಿ ಮಾಡಿ. ಬಾರ್ ಬ್ಯಾಂಡುಗಳ ಗಿಟಾರ್ ಬೆರಳುಗಳಿಗೆ ಇ, ಎ, ಡಿ, ಜಿ ಶ್ರುತಿಗಳು ಸಲೀಸು, ಹಾಗಾಗಿ ಒಂದೇ ಶ್ರುತಿಯ ಮೂರು ಹಾಡು ಸಾಲಾಗಿ ಬಿದ್ದಿರುವುದು ಯಾರ ಗಮನಕ್ಕೂ ಬಂದಿರುವುದಿಲ್ಲ. ಸಾಲಾಗಿ ಮೂರು ಹಾಡು ಹತ್ತು ಬಿಪಿಎಂ ಒಳಗೆ, ಒಂದೇ ಶ್ರುತಿಯಲ್ಲಿ ಇದ್ದರೆ ಒಂದನ್ನು ಬೇರೆಡೆ ಸರಿಸಿ. ಹೊಸ ಹಾಡು ಬರೆಯುವ ಅಗತ್ಯ ಬೀಳುವುದು ಅಪರೂಪ.

"ಪದ ಕೇಳಿಸಲ್ಲ" ಮತ್ತು "ಪದ ಕೇಳಿಸುತ್ತೆ, ಅರ್ಥ ಆಗಲ್ಲ" ಎರಡನ್ನೂ ಒಂದೇ ಕಾಲಂಗೆ ಹಾಕುವುದು ತೀರಾ ಸಾಮಾನ್ಯ ತಪ್ಪು. ಮೊದಲನೆಯದು ಮಿಕ್ಸಿಗೆ ಸಂಬಂಧಿಸಿದ್ದು. ವ್ಯಂಜನಗಳ ಸ್ಪಷ್ಟತೆ ಮತ್ತು ಡಿಸ್ಟಾರ್ಷನ್ ಹಾಕಿ ಒರಟಾಗಿಸಿದ ಗಿಟಾರಿನ ಚೂಪು ಸದ್ದು ಎರಡೂ 2ರಿಂದ 4 ಕಿಲೋಹರ್ಟ್ಜ್ ನಡುವೆ ಒಂದೇ ಜಾಗಕ್ಕೆ ಹೊಡೆದಾಡುತ್ತವೆ. ದನಿಯನ್ನು 3 ಡೆಸಿಬೆಲ್ ಎತ್ತಿದರೆ ಪದ ಕೇಳಿಸುತ್ತದೆ, ಆದರೆ ಬ್ಯಾಂಡ್ ಹಿಂದಿನ ಕೋಣೆಗೆ ಹೋಗುತ್ತದೆ; ಬಾರ್ ರಾಕ್‌ನಲ್ಲಿ ಉಳಿಯಬೇಕಾದ್ದೇ ಹೋದಂತಾಯಿತು. ಬದಲಿಗೆ ದನಿ ಇರುವ ಕಡೆ ಮಾತ್ರ ಗಿಟಾರುಗಳನ್ನು 3 ಕಿಲೋಹರ್ಟ್ಜ್ ಸುತ್ತ 1.5ರಿಂದ 2 ಡೆಸಿಬೆಲ್ ತಗ್ಗಿಸಿ, ಸಾಲಿನ ಕೊನೆಯ ಪದಗಳನ್ನು ಕೈಯಿಂದ ಒಂದೊಂದಾಗಿ ಎತ್ತಿ. ಮಾತಿನ ಧಾಟಿಯ ಗಾಯಕರು ಸಾಲಿನ ಕೊನೆಯಲ್ಲಿ ಉಸಿರು ಬಿಡುತ್ತಾರೆ, ಕಥೆಯ ಹೆಸರು, ಊರು, ಸುಳಿವು ಎಲ್ಲ ಅಲ್ಲೇ ಇರುತ್ತವೆ. ಪ್ರಶ್ನೆ ಚಿಹ್ನೆಗಳ ಪಕ್ಕದ ನಿಮಿಷಗಳನ್ನು ನೋಡಿ: ಮೂರು ಜನರ ಚಿಹ್ನೆ ಐದಾರು ಸೆಕೆಂಡಿನ ಅಂತರದಲ್ಲಿ ಬಿದ್ದಿದ್ದರೆ ಆ ಜಾಗ ತೆರೆದು ನೋಡಬೇಕು. ಚಿಹ್ನೆ ಹಾಕಿದವರೆಲ್ಲ ಬೇರೆ ಮನೆಮಾತಿನವರೇ ಆಗಿದ್ದರೆ ಮಿಕ್ಸಿಗೆ ಕೈಹಾಕುವ ಮುಂಚೆ ಎರಡನೇ ಸಲದ ಹಾಳೆ ನೋಡಿ.

ಅರ್ಥವಾಗದಿರುವುದು ಬೇರೆಯೇ ವಿಷಯ. ಈ ಕಥೆಗಳು ಊರಿನ ಹೆಸರುಗಳ ಮೇಲೆ ನಿಂತಿರುತ್ತವೆ. ದಿ ಹೋಲ್ಡ್ ಸ್ಟೆಡಿಯ ಹಾಡುಗಳಲ್ಲಿ ಮಿನ್ಯಾಪೊಲಿಸ್‌ನ ಲಿಂಡೇಲ್, ನಿಕಲೆಟ್ ರಸ್ತೆಗಳು ಬರುತ್ತವೆ, ಫ್ಲಾರಿಡಾದ ಟ್ಯಾಂಪಾದಲ್ಲಿರುವ ಈಬೋರ್ ಸಿಟಿ ಬರುತ್ತದೆ. ಅಲ್ಲಿ ಕಾಲಿಡದವರಿಗೂ ಈ ಹೆಸರುಗಳು ಕೆಲಸ ಮಾಡುತ್ತವೆ, ಏಕೆಂದರೆ ಹೇಳುವವನಿಗೆ ಆ ಜಾಗ ಗೊತ್ತು ಎಂಬ ಭರವಸೆ ದನಿಯಲ್ಲೇ ಇದೆ. ಟಿಪ್ಪಣಿ ಕೊಡಲೇಬೇಕೆಂದರೆ ಎರಡನೇ ಸಲ ಮುಗಿದ ಮೇಲೆ ಕೊಡಿ, ಹನ್ನೆರಡು ನಮೂದು ಮೀರದ ಹಾಗೆ. ಇಪ್ಪತ್ತು ಪುಟದ ಟಿಪ್ಪಣಿ ಕೊಟ್ಟರೆ ಜನ ಪಾಠಕ್ಕೆ ಕೂತಂತೆ ಕೇಳುತ್ತಾರೆ, ಅಭಿಪ್ರಾಯವೂ ಪಾಠದ ಮೇಲಿನದೇ ಆಗುತ್ತದೆ.

"ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನೆನಪಾದ."

ಅಮೆರಿಕದ ಈ ರಾಕ್ ಗಾಯಕನ ಹೆಸರು ಹೇಳಿದ್ದು ದೂರೋ ಮೆಚ್ಚುಗೆಯೋ ಹೇಳಿದವರಿಗೇ ಗೊತ್ತಿರುವುದಿಲ್ಲ. ಯಾವ ವಾದ್ಯ ಬಂದಾಗ ನೆನಪಾಯಿತು ಎಂದು ಕೇಳಿ. ಹೆಚ್ಚಿನವರು ಪಿಯಾನೊ ಎನ್ನುತ್ತಾರೆ: ದಪ್ಪ ಗಿಟಾರಿನ ಮೇಲೆ ಪಿಯಾನೊ ಮತ್ತು ಆರ್ಗನ್ ಏರಿಬರುವ ಕಟ್ಟಣೆ ಸ್ಪ್ರಿಂಗ್‌ಸ್ಟೀನ್‌ನ 'ಇ ಸ್ಟ್ರೀಟ್ ಬ್ಯಾಂಡ್'ನಿಂದ ಎಲ್ಲರ ಕಿವಿಗೂ ಪರಿಚಿತ. ದಿ ಹೋಲ್ಡ್ ಸ್ಟೆಡಿಯಲ್ಲಿ ಕೀಬೋರ್ಡ್ ನುಡಿಸುವ ಫ್ರಾಂಜ್ ನಿಕೊಲೇ ಅವರ ಭಾಗ ಬಂದಾಗಲೇ ಈ ಮಾತು ಏಳುವುದು. ಹಾಗಾದರೆ ಅದು ವಾದ್ಯಸಂಯೋಜನೆಯ ಬಗೆಗಿನ ಅಭಿಪ್ರಾಯ, ಕಥೆಯ ಕಾಲಂಗೆ ಹಾಕಬೇಡಿ. ಒಬ್ಬೊಬ್ಬರು ಮಾತ್ರ ಪಾತ್ರಗಳು ಎನ್ನುತ್ತಾರೆ. ಅಂಥವರ ಐದು ವಾಕ್ಯಗಳನ್ನು ಎಚ್ಚರದಿಂದ ಓದಿ, ಅವರು ಬೇರೆ ಯಾರದೋ ಕಥೆಯನ್ನು ಇದರೊಳಗೆ ಓದುತ್ತಿರಬಹುದು.

"ಕುಡಿತವನ್ನ, ಡ್ರಗ್ಸನ್ನ ವೈಭವೀಕರಿಸ್ತಾರೆ."

ವಾದಕ್ಕಿಳಿಯಬೇಡಿ. ಆ ಹಾಳೆಯಲ್ಲಿ ಸೊನ್ನೆಗಳು ಎಲ್ಲಿ ಬಿದ್ದಿವೆ ನೋಡಿ. ಆಲ್ಬಮ್ಮಿನ ಮೊದಲರ್ಧ ಮೋಜಿನದು, ಬೆಲೆ ತೆರುವುದು ಎರಡನೇ ಅರ್ಧದಲ್ಲಿ ಎಂಬಂಥ ಕಟ್ಟಣೆ ಈ ಆಲ್ಬಮ್‌ಗಳಲ್ಲಿ ಸಾಮಾನ್ಯ. ಎರಡನೇ ಅರ್ಧದಲ್ಲಿ ಮನಸ್ಸು ಎಲ್ಲೋ ಹೋಗಿದ್ದರೆ ಕೇಳುಗರಿಗೆ ಮೋಜು ಮಾತ್ರ ಸಿಕ್ಕಿರುತ್ತದೆ. ಪೂರ್ತಿ ಗಮನವಿಟ್ಟು ಕೇಳಿದವರಿಂದಲೂ ಈ ಮಾತು ಬಂದರೆ ಅದಕ್ಕೆ ಬೆಲೆ ಕೊಡಬೇಕು. ನಿರೂಪಕ ಮತ್ತು ಬರೆದವನು ಒಬ್ಬನೇ ಅಲ್ಲ ಎನ್ನುವುದು ಎಲ್ಲೂ ಕೇಳಿಸುತ್ತಿಲ್ಲ ಎಂದರ್ಥ. ಇದನ್ನು ಸರಿಪಡಿಸಲು ನೀತಿಯ ಸಾಲು ಸೇರಿಸಬೇಡಿ, ಕೇಳುಗರಿಗೆ ಅದರ ವಾಸನೆ ಬೇಗ ಹತ್ತುತ್ತದೆ. ನಿರೂಪಕ ಸುಳ್ಳು ಹೇಳುತ್ತಿದ್ದಾನೆ ಎಂದು ತೋರುವ ಒಂದು ವಿವರ ಸಾಕು, ಉದಾಹರಣೆಗೆ ಒಂದೇ ರಾತ್ರಿಯನ್ನು ಎರಡು ಹಾಡುಗಳಲ್ಲಿ ಎರಡು ಥರ ಹೇಳುವುದು.

"ಲೈವ್‌ನಲ್ಲಿ ಚೆನ್ನಾಗಿರುತ್ತೆ, ರೆಕಾರ್ಡಿನಲ್ಲಿ ಸಪ್ಪೆ."

ಮೊದಲು ಸದ್ದಿನ ಮಟ್ಟ ನೋಡಿ. ಮೆಲ್ಲಗೆ ಕೇಳಿದಾಗ ನಮ್ಮ ಕಿವಿ ಬೇಸ್ ಭಾಗವನ್ನು ಹೆಚ್ಚು ಕಳೆದುಕೊಳ್ಳುತ್ತದೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ರೇಖೆಗಳಾಗಿ ಬರೆದಿಟ್ಟಿದ್ದಾರೆ. ಅದೇ ಹಾಡನ್ನು 5 ಡೆಸಿಬೆಲ್ ಹೆಚ್ಚಿಸಿ ಒಮ್ಮೆ ಕೇಳಿಸಿ. ಸಪ್ಪೆತನ ಹೋದರೆ ಹಾಡಿನಲ್ಲಿ ತೊಂದರೆಯಿಲ್ಲ. ಆಗಲೂ ಉಳಿದರೆ ಡ್ರಮ್ಸ್‌ಗೆ ಕೋಣೆಯ ಗುಂಯ್‌ಗುಡುವಿಕೆ ಸಾಲದು, ಅಥವಾ ಎಲ್ಲ ವಾದ್ಯಗಳನ್ನೂ ಗಡಿಯಾರದ ತಾಳಕ್ಕೆ ತಂದು ಕೂರಿಸಿ ಬಿಗಿಮಾಡಲಾಗಿದೆ. ಪಲ್ಲವಿಗೆ ಬರುವಾಗ ಎರಡು ಮೂರು ಬಿಪಿಎಂ ಓಡುವುದು ಈ ಸಂಗೀತದ ಸ್ವಭಾವ. ಅದನ್ನು ತಿದ್ದಿದರೆ ತಾಳ ಸರಿಯಾಗುತ್ತದೆ, ಜನ ಕುಳಿತೇ ಇರುತ್ತಾರೆ.

ಮಾತುಕತೆ ಮತ್ತು ಲೆಕ್ಕ

ಬರೆದಾದ ಮೇಲಷ್ಟೇ ಮಾತು. ಮೊದಲು ಮಾತಾಡುವವರ ಮಾತಿನ ದಾರಿಯಲ್ಲೇ ಉಳಿದವರೂ ನಡೆಯುತ್ತಾರೆ, ಆದ್ದರಿಂದ ಹೊಸಬರಿಂದ ಶುರುಮಾಡಿ. ಸಾಲುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ಅಭಿಮಾನಿಯೊಬ್ಬರು ಇದ್ದೇ ಇರುತ್ತಾರೆ. ಅವರ ಸರದಿ ಕೊನೆಗೆ. ನಡೆಸುವವರು ತಲೆದೂಗಲೂ ಬಾರದು. ಬ್ಯಾಂಡಿನವರು ಕೋಣೆಯಲ್ಲಿ ಇರಲೇಬಾರದು, ಪಕ್ಕದ ಕೋಣೆಯಲ್ಲೂ ಬೇಡ.

ಆಮೇಲೆ ಎಲ್ಲ ಹಾಳೆಗಳನ್ನೂ ಒಂದು ಕೋಷ್ಟಕಕ್ಕೆ ಇಳಿಸಿ: ಎಷ್ಟನೇ ಸಲ, ಹಾಡಿನ ಸಂಖ್ಯೆ, ನಿಮಿಷ, ವಿಷಯ, ಹೇಳಿದವರು ಬಲ್ಲವರೋ ಹೊಸಬರೋ, ಕೂತ ಜಾಗ. ವಿಷಯಕ್ಕೆ ದನಿ, ಪದ, ವಾದ್ಯ, ಕಥೆ, ಊರು ಎಂಬ ಐದೇ ಹೆಸರು ಬಳಸಿ. ಹತ್ತಕ್ಕೆ ಇಷ್ಟು ಎಂದು ಅಂಕ ಕೇಳಿ ಸರಾಸರಿ ತೆಗೆಯುವುದು ಇಲ್ಲಿ ದಾರಿ ತಪ್ಪಿಸುತ್ತದೆ. ನಾಲ್ಕು ಜನ 9 ಕೊಟ್ಟು ನಾಲ್ಕು ಜನ 3 ಕೊಟ್ಟರೆ ಸರಾಸರಿ 6 ಬರುತ್ತದೆ, 6 ಎಂದು ಯಾರಿಗೂ ಅನ್ನಿಸಿಲ್ಲ. ಹೀಗೆ ಎರಡು ತುದಿಗೆ ಒಡೆಯುವುದೇ ಈ ಬಗೆಯ ಆಲ್ಬಮ್ಮಿನ ಲಕ್ಷಣ.

ಯಾವುದಕ್ಕೆ ಕೈಹಾಕಬೇಕು ಎಂಬುದಕ್ಕೆ ಒಂದು ಒರಟು ಅಳತೆ: ಮೊದಲ ಸಲ ಮಾತ್ರ ಬಂದ ದೂರನ್ನು ಬಿಡಿ. ಎರಡನೇ ಸಲವೂ ಉಳಿದು, ಎಂಟರಲ್ಲಿ ಮೂವರಾದರೂ ಒಂದೇ ಜಾಗ ತೋರಿಸಿದರೆ ಸರಿಪಡಿಸಿ. ಒಬ್ಬರೇ ಹೇಳಿದ್ದು ಎಷ್ಟು ಚೆನ್ನಾಗಿ ಹೇಳಿದ್ದರೂ ಒಬ್ಬರದೇ. ಇದಕ್ಕೊಂದು ಅಪವಾದ ತಪ್ಪಾಗಿ ಕೇಳಿಸಿದ ಹೆಸರು. ಪಾತ್ರದ ಹೆಸರು ಒಬ್ಬರಿಗೆ ತಪ್ಪಾಗಿ ಕೇಳಿಸಿದರೂ ಆ ಜಾಗವನ್ನು ಮತ್ತೆ ಮಿಕ್ಸ್ ಮಾಡುವುದು ಮೇಲು, ಹೆಸರು ತಪ್ಪಿದರೆ ಮುಂದಿನ ಹತ್ತು ಹಾಡುಗಳ ಕೊಂಡಿ ಕಳಚುತ್ತದೆ.

ಮೂರೂ ಸಲ ಒಂದೇ ಮಿಕ್ಸ್ ಇರಬೇಕು. ಎರಡನೇ ಮತ್ತು ಮೂರನೇ ಸಲದ ನಡುವೆ ಬ್ಯಾಂಡಿನವರು ಸುಧಾರಿಸಿದ ಕಡತ ಕಳಿಸಿಬಿಡುವುದು ಉಂಟು, ಆಗ ಬದಲಾದದ್ದು ಕೇಳುಗರೋ ಹಾಡೋ ಹೇಳಲಾಗುವುದಿಲ್ಲ. ಕಡತದ ಹೆಸರಿನಲ್ಲೇ ಮಿಕ್ಸ್ ಸಂಖ್ಯೆ ಮತ್ತು ತಾರೀಕು ಇರಲಿ, ಅದನ್ನೇ ಪ್ರತಿ ಹಾಳೆಯ ತಲೆಯ ಮೇಲೂ ಬರೆಯಿರಿ. ಹೊಸ ಮಿಕ್ಸ್ ಪರೀಕ್ಷಿಸಬೇಕೆಂದರೆ ಹೊಸ ಎಂಟು ಜನ ಬೇಕು. ಹಳಬರಿಗೆ ಸಾಲುಗಳು ಗೊತ್ತಾಗಿಬಿಟ್ಟಿವೆ, ಇನ್ನು ಮೇಲೆ ಅವರಿಗೆ ಪದಗಳು ಕೇಳಿಸದೆ ಇರುವುದೇ ಇಲ್ಲ.